ಗೇಮ್ ಸಂಗೀತದಲ್ಲಿ ನಿಮ್ಮ ಮೆಚ್ಚಿನ ಹತ್ತನ್ನು ಆರಿಸುವ ಬಗೆ

ವಿಡಿಯೋ ಗೇಮ್‌ಗಳ ಸಂಗೀತದಲ್ಲಿ ನಿಮಗೆ ಯಾವುದು ಇಷ್ಟ ಎಂದು ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿದರೆ, ಬರುವ ಉತ್ತರದಿಂದಲೇ ಅವರ ವಯಸ್ಸನ್ನು ಸುಮಾರಾಗಿ ಊಹಿಸಬಹುದು. ನ್ಯಾಷನಲ್ ಮಾರ್ಕೆಟ್‌ನಿಂದ ತಂದ ಟಿವಿ ಗೇಮಿಗೆ ಹಳದಿ ಕ್ಯಾಸೆಟ್ ಸಿಕ್ಕಿಸಿ ಆಡಿದವರು ಮಾರಿಯೊ, ಕಾಂಟ್ರಾ ಎನ್ನುತ್ತಾರೆ. ಬಡಾವಣೆಯ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕುಳಿತವರು ರೋಡ್ ರ‍್ಯಾಶ್, ವೈಸ್ ಸಿಟಿ ಎನ್ನುತ್ತಾರೆ. ಈಗ ಕಾಲೇಜಿನಲ್ಲಿ ಓದುತ್ತಿರುವವರು ಮೈನ್‌ಕ್ರಾಫ್ಟ್, ಅಂಡರ್‌ಟೇಲ್ ಎನ್ನುತ್ತಾರೆ. ಈ ಉತ್ತರಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವು ‘ನಾನು ಯಾವ ಆಟ ಆಡಿ ಬೆಳೆದೆ’ ಎಂಬುದನ್ನು ಹೇಳುತ್ತವೆಯೇ ಹೊರತು ‘ನನ್ನ ಕಿವಿಗೆ ಯಾವ ಸಂಗೀತ ಹಿಡಿಸುತ್ತದೆ’ ಎಂಬುದನ್ನಲ್ಲ. ಆಟದ ನೆನಪೂ ಸಂಗೀತದ ಅಭಿರುಚಿಯೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅವೆರಡನ್ನೂ ಬಿಡಿಸಿ ನೋಡಿ, ಪ್ರತಿಯೊಂದು ಆಯ್ಕೆಗೂ ಕಾರಣ ಕೊಡಬಲ್ಲ ಹತ್ತು ಟ್ರ್ಯಾಕ್‌ಗಳ ಪಟ್ಟಿಯೊಂದನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ಸಾಧಾರಣ ಗುಣಮಟ್ಟದ ಇಯರ್‌ಫೋನ್ ಮತ್ತು ಕೆಲವು ವಾರಗಳ ಬಿಡುವಿನ ಸಂಜೆಗಳು.

1. ಕೇಳುವ ಮೊದಲೇ ಬರೆಯಿರಿ

ಯಾವುದನ್ನೂ ಹಾಕಿ ಕೇಳದೆ, ನೆನಪಿಗೆ ಬಂದಷ್ಟು ಗೇಮ್‌ಗಳ ಸಂಗೀತವನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ಟ್ರ್ಯಾಕ್‌ನ ಹೆಸರು ಗೊತ್ತಿಲ್ಲದಿದ್ದರೆ ‘ನೀರಿನೊಳಗಿನ ಹಂತದ್ದು’, ‘ಮೆನು ಬಂದಾಗ ಕೇಳಿಸುವುದು’ ಎಂದು ಬರೆದರೂ ಸಾಕು. ಇಪ್ಪತ್ತು ಮೂವತ್ತು ಆದ ಮೇಲೆ ಪುಟಕ್ಕೆ ನಡುವೆ ಗೆರೆ ಎಳೆದು, ಆಟಕ್ಕೆಂದೇ ರಚಿಸಿದ ಸಂಗೀತವನ್ನು ಒಂದು ಕಡೆಗೂ, ಬೇರೆಡೆ ಆಗಲೇ ಪ್ರಸಿದ್ಧವಾಗಿದ್ದು ಪರವಾನಗಿ ಪಡೆದು ಆಟದಲ್ಲಿ ಬಳಸಿದ ಹಾಡುಗಳನ್ನು ಇನ್ನೊಂದು ಕಡೆಗೂ ಹಾಕಿ.

ಈ ವಿಂಗಡಣೆ ಅನೇಕರಿಗೆ ಅಚ್ಚರಿ ತರುತ್ತದೆ. 2002ರ ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿಯಲ್ಲಿ ಕಾರಿನ ರೇಡಿಯೊದಿಂದ ಹರಿದು ಬರುವುದು ಬಹುಪಾಲು ಎಂಬತ್ತರ ದಶಕದ ಜನಪ್ರಿಯ ಹಾಡುಗಳು, ಕಥೆ ನಡೆಯುವುದು 1986ರಲ್ಲಿ ಎಂಬ ಕಾರಣಕ್ಕೆ ಅವುಗಳನ್ನು ಆರಿಸಲಾಗಿದೆ. ರೋಡ್ ರ‍್ಯಾಶ್‌ನ ಕಂಪ್ಯೂಟರ್ ಆವೃತ್ತಿಯಲ್ಲೂ ಸೌಂಡ್‌ಗಾರ್ಡನ್ ಮೊದಲಾದ ರಾಕ್ ತಂಡಗಳ ಹಾಡುಗಳಿವೆ. ಅವು ಕೇಳಿಸುವುದು ಮೆನು ಮತ್ತು ವಿಡಿಯೋ ತುಣುಕುಗಳಲ್ಲಿ. ಬೈಕ್ ಓಡಿಸುವಾಗ ಬರುವ ಸಂಗೀತವೇ ಬೇರೆ. ಇಂತಹ ಹಾಡುಗಳನ್ನು ಆಟದೊಳಗೆ ಹೊಂದಿಸಿದವರ ಜಾಣ್ಮೆಯನ್ನು ಮೆಚ್ಚಲು ಅಡ್ಡಿಯಿಲ್ಲ. ಆದರೂ ಅದು ಆಯ್ಕೆಯ ಕಲೆ, ರಚನೆಯ ಕಲೆಯಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಹೋಲಿಕೆ ತಪ್ಪುತ್ತದೆ. ಮುಂದಿನ ಹಂತಗಳಿಗೆ ಆಟಕ್ಕೆಂದೇ ರಚಿಸಿದ ಸಂಗೀತವಿರುವ ಕಡೆಯನ್ನಷ್ಟೇ ಉಳಿಸಿಕೊಳ್ಳಿ.

2. ಧ್ವನಿಮುದ್ರಿಕೆ ಎಲ್ಲಿಯದು, ಕೇಳುವ ಜಾಗ ಎಲ್ಲಿಯದು

ಈಗಿನ ಹೆಚ್ಚಿನ ಗೇಮ್‌ಗಳ ಸಂಗೀತ ಹಾಡಿನ ಆ್ಯಪ್‌ಗಳಲ್ಲಿಯೇ ಸಿಗುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅನೇಕ ಆಟಗಳ ಸಂಗೀತವನ್ನು ಪ್ರತ್ಯೇಕವಾಗಿ ಕೊಳ್ಳಬಹುದು. ಸಣ್ಣ ತಂಡಗಳ ಆಟಗಳಾದರೆ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತದ ಜಾಲತಾಣದಲ್ಲಿ ಕೇಳಿ ನೋಡಿ, ಹಿಡಿಸಿದರೆ ಕೊಳ್ಳುವ ಅನುಕೂಲವಿದೆ. ಕೊಳ್ಳುವಾಗ ಅದು ಆಟದಲ್ಲಿದ್ದ ಮೂಲ ಸಂಗೀತವೋ, ಆಮೇಲೆ ವಾದ್ಯವೃಂದಕ್ಕೆ ಅಳವಡಿಸಿದ ಆವೃತ್ತಿಯೋ ಎಂಬುದನ್ನು ಗಮನಿಸಿ ನೋಟ್‌ಬುಕ್‌ನಲ್ಲಿ ಗುರುತು ಹಾಕಿ, ಏಕೆಂದರೆ ಅವೆರಡೂ ಬೇರೆ ಬೇರೆ ಕೃತಿಗಳು. ಫೈನಲ್ ಫ್ಯಾಂಟಸಿ 7ರ 1997ರ ಮೂಲ ಸಂಗೀತವನ್ನು ಮೆಚ್ಚುವವರೆಲ್ಲರೂ ಅದರ 2020ರ ಮರುನಿರ್ಮಾಣದ ಸಂಗೀತವನ್ನು ಮೆಚ್ಚಬೇಕೆಂದಿಲ್ಲ.

ಹಳೆಯ ಟಿವಿ ಗೇಮ್ ಆಡಿದವರು ಇನ್ನೊಂದು ವಿಷಯವನ್ನೂ ನೆನಪಿನಲ್ಲಿಡಬೇಕು. ನಮ್ಮಲ್ಲಿ ಮಾರಾಟವಾಗುತ್ತಿದ್ದವು ಬಹುಪಾಲು ನಿಂಟೆಂಡೊ ಯಂತ್ರದ ನಕಲುಗಳು. ಜಪಾನ್ ಮತ್ತು ಅಮೆರಿಕದ ಟಿವಿಗಳ 60 ಹರ್ಟ್ಸ್‌ಗೆ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ ವೇಗಕ್ಕೆ) ಹೊಂದುವಂತೆ ಬರೆದ ಆಟ, 50 ಹರ್ಟ್ಸ್ ಟಿವಿಗೆ ಹೊಂದಿಸಿದ ನಕಲು ಯಂತ್ರದಲ್ಲಿ ಸುಮಾರು ಆರನೆಯ ಒಂದು ಪಾಲಿನಷ್ಟು ನಿಧಾನವಾಗಿ ಓಡುತ್ತದೆ; ಶ್ರುತಿ ಹೆಚ್ಚುಕಡಿಮೆ ಅಲ್ಲೇ ಇದ್ದು ಲಯ ಮಾತ್ರ ಇಳಿಯುತ್ತದೆ. ಕೆಲವು ನಕಲು ಚಿಪ್‌ಗಳಲ್ಲಿ ನಾದದ ಬಣ್ಣವೂ ಮೂಲಕ್ಕಿಂತ ಬೇರೆಯಾಗಿರುತ್ತಿತ್ತು. ಹೀಗಾಗಿ ಅಧಿಕೃತ ಧ್ವನಿಮುದ್ರಿಕೆ ಕೇಳಿದಾಗ ‘ಇದು ನಾನು ಕೇಳಿದ ಮಾರಿಯೊ ಅಲ್ಲವಲ್ಲ’ ಎನಿಸಿದರೆ ಕಿವಿಯನ್ನು ಅನುಮಾನಿಸಬೇಕಿಲ್ಲ.

ಜಾಗದ ಮಾತಿಗೆ ಬಂದರೆ, ಈ ಊರಿನಲ್ಲಿ ಅದೇ ದೊಡ್ಡ ತೊಡಕು. ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್ ಸಿ418 ಎಂಬ ಹೆಸರಿನಲ್ಲಿ ಮೈನ್‌ಕ್ರಾಫ್ಟ್‌ಗೆ ರಚಿಸಿದ ಮೆಲುದನಿಯ ಪಿಯಾನೊ ತುಣುಕುಗಳನ್ನು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಬಿಎಂಟಿಸಿ ಬಸ್ಸಿನೊಳಗೆ ಕೇಳಿದರೆ ಅರ್ಧಕ್ಕರ್ಧ ಸ್ವರಗಳು ಎಂಜಿನ್ ಸದ್ದಿನಲ್ಲಿ ಮುಳುಗುತ್ತವೆ. ಆಗ ವಾಲ್ಯೂಮ್ ಏರಿಸುತ್ತೇವೆ, ಆ ಸಂಗೀತದ ಗುಣವೇ ಕೆಡುತ್ತದೆ. ಅಬ್ಬರದ ಯುದ್ಧದ ಟ್ರ್ಯಾಕ್‌ಗಳು ಬಸ್ಸಿನಲ್ಲಿ ಗೆಲ್ಲುತ್ತವೆ, ಮೃದುವಾದವು ಸೋಲುತ್ತವೆ. ಆದ್ದರಿಂದ ತೀರ್ಮಾನಕ್ಕೆ ಬೇಕಾದ ಆಲಿಸುವಿಕೆಯನ್ನು ಮನೆಯಲ್ಲಿ, ಬೆಳಗಿನ ಜಾವದಲ್ಲೋ ರಾತ್ರಿ ಊಟದ ನಂತರವೋ ಇಟ್ಟುಕೊಳ್ಳಿ. ಮೆಟ್ರೊ ಪ್ರಯಾಣವನ್ನು ಪರಿಚಯಕ್ಕಷ್ಟೇ ಬಳಸಿ.

3. ಒಂದೇ ಧಾಟಿಯನ್ನು ಮತ್ತೆ ಮತ್ತೆ ಕೇಳಿ

ಇಡೀ ಕ್ರಮದಲ್ಲಿ ಇದೇ ಮುಖ್ಯವಾದ ಹಂತ. ಸಿನಿಮಾದ ಬಿಜಿಎಂ ಬರೆಯುವವರಿಗೆ ದೃಶ್ಯ ಎಷ್ಟು ಸೆಕೆಂಡು ಎಂಬುದು ಗೊತ್ತಿರುತ್ತದೆ. ಗೇಮ್ ಸಂಗೀತ ಬರೆಯುವವರಿಗೆ ಅದು ಗೊತ್ತಿರುವುದಿಲ್ಲ. ಒಬ್ಬ ಆಟಗಾರ ಒಂದು ಹಂತವನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾನೆ, ಇನ್ನೊಬ್ಬ ಅದೇ ಹಂತದಲ್ಲಿ ಸತ್ತು ಸತ್ತು ಇಡೀ ಮಧ್ಯಾಹ್ನ ಕಳೆಯುತ್ತಾನೆ. ಇಬ್ಬರಿಗೂ ಸಲ್ಲಬೇಕಾದ ಸಂಗೀತವು ಒಂದೆರಡು ನಿಮಿಷದ ಧಾಟಿಯಾಗಿದ್ದು, ಕೊನೆ ಮುಟ್ಟಿದ ಕೂಡಲೇ ಮೊದಲಿಗೆ ಮರಳುತ್ತದೆ. ಇದನ್ನೇ ಲೂಪ್ ಎನ್ನುವುದು. ಹಾಗಾಗಿ ಗೇಮ್ ಸಂಗೀತದ ನಿಜವಾದ ಪರೀಕ್ಷೆ ಮೊದಲ ಬಾರಿ ಕೇಳಿದಾಗಿನ ರೋಮಾಂಚನವಲ್ಲ. ಹದಿನೈದನೆಯ ಸುತ್ತಿನಲ್ಲಿ ಅದು ನಿಮ್ಮನ್ನು ಬೇಸರಪಡಿಸುತ್ತದೆಯೇ ಇಲ್ಲವೇ ಎಂಬುದು.

ಆಲ್ಬಮ್‌ಗಳಲ್ಲಿ ಸಾಮಾನ್ಯವಾಗಿ ಧಾಟಿಯನ್ನು ಎರಡು ಸುತ್ತು ನುಡಿಸಿ ಮೆಲ್ಲಗೆ ಇಳಿಸಿಬಿಡುತ್ತಾರೆ. ಅಷ್ಟು ಸಾಲದು. ಪ್ಲೇಯರ್‌ನಲ್ಲಿ ಪುನರಾವರ್ತನೆಯ ಗುಂಡಿ ಒತ್ತಿ, ಕನಿಷ್ಠ ಅರ್ಧ ಗಂಟೆ ಒಂದೇ ಟ್ರ್ಯಾಕ್ ಓಡಲಿ. ಮೊದಲ ಸುತ್ತುಗಳಲ್ಲಿ ಮೇಲಿನ ರಾಗಧಾಟಿಯನ್ನಷ್ಟೇ ಹಿಂಬಾಲಿಸಿ, ಅನಂತರ ಕಿವಿಯನ್ನು ಕೆಳಗಿನ ಮಂದ್ರ ಸ್ವರಗಳಿಗೆ ಇಳಿಸಿ, ಅದಾದ ಮೇಲೆ ತಾಳಕ್ಕೆ ಹೊರಳಿಸಿ. ಧಾಟಿ ಮುಗಿದು ಮತ್ತೆ ಶುರುವಾಗುವ ಜಾಗವನ್ನು ವಿಶೇಷವಾಗಿ ಗಮನಿಸಿ. ಒಳ್ಳೆಯ ದರ್ಜಿಯ ಹೊಲಿಗೆಯಂತೆ ಅಲ್ಲಿ ಜೋಡಣೆ ಎದ್ದು ಕಾಣಬಾರದು.

ಅಭ್ಯಾಸಕ್ಕೆ 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತಕ್ಕಿಂತ ಒಳ್ಳೆಯ ಪಾಠ ನನಗೆ ತೋಚದು. ಅದು ಓಡುತ್ತಿದ್ದ ನಿಂಟೆಂಡೊ ಯಂತ್ರದ ಧ್ವನಿ ಚಿಪ್‌ನಲ್ಲಿ ಇದ್ದದ್ದು ಐದೇ ಎಳೆಗಳು, ಅಂದರೆ ಏಕಕಾಲಕ್ಕೆ ನುಡಿಯಬಲ್ಲ ಐದು ಬೇರೆ ಬೇರೆ ದನಿಗಳು: ಎರಡು ಚೌಕ ತರಂಗದವು, ಒಂದು ತ್ರಿಕೋನ ತರಂಗದ್ದು, ಒಂದು ಬರೀ ‘ಶ್’ ಎನ್ನುವ ಗದ್ದಲದ್ದು, ಇನ್ನೊಂದು ಚಿಕ್ಕ ಧ್ವನಿತುಣುಕುಗಳನ್ನು ನುಡಿಸುವುದು. ಆಟದ ಸಂಯೋಜಕ ಕೋಜಿ ಕೊಂಡೊ ಅವರು ಧಾಟಿಯನ್ನೂ ಅದರ ಜೊತೆಸ್ವರವನ್ನೂ ಎರಡು ಚೌಕ ತರಂಗಗಳಿಗೆ ಕೊಟ್ಟು, ಮಂದ್ರವನ್ನು ತ್ರಿಕೋನ ತರಂಗಕ್ಕೆ ವಹಿಸಿ, ಆ ‘ಶ್’ ಸದ್ದನ್ನೇ ಚಿಕ್ಕದಾಗಿ ಕತ್ತರಿಸಿ ತಾಳವಾದ್ಯ ಮಾಡಿಕೊಂಡರು. ಇನ್ನೂ ಸೂಕ್ಷ್ಮವಾದದ್ದು ಆಟ ಆಡುವಾಗ ಕೇಳಿಸುತ್ತದೆ: ಮಾರಿಯೊ ಹಾರಿದಾಗ ಬರುವ ಸದ್ದಿಗೂ ಇದೇ ಎಳೆಗಳಲ್ಲಿ ಒಂದು ಬೇಕು, ಆದ್ದರಿಂದ ಆ ಗಳಿಗೆಯಲ್ಲಿ ಸಂಗೀತದ ಒಂದು ಎಳೆ ಮರೆಯಾಗಿ, ಸದ್ದು ಮುಗಿದ ಮೇಲೆ ಮತ್ತೆ ಸೇರಿಕೊಳ್ಳುತ್ತದೆ. ಎಳೆಯೊಂದು ಕಳಚಿದರೂ ಧಾಟಿ ಕುಸಿಯದಂತೆ ಬರೆಯುವುದು ಸುಲಭದ ಕೆಲಸವಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ 2023ರಲ್ಲಿ ಈ ಧಾಟಿಯನ್ನು ಸೇರಿಸಿಕೊಂಡಿತು. ವಿಡಿಯೋ ಗೇಮ್ ಸಂಗೀತಕ್ಕೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು.

ಅರ್ಧ ಗಂಟೆಯ ನಂತರವೂ ಎದ್ದು ನಿಲ್ಲಿಸಬೇಕೆನಿಸದ ಟ್ರ್ಯಾಕ್‌ಗಳಿಗೆ ಗುರುತು ಹಾಕಿ. ಪಟ್ಟಿಯ ಅರ್ಧದಷ್ಟು ಇಲ್ಲಿಯೇ ಉದುರಿಹೋಗುತ್ತದೆ. ಎರಡು ದಿನ ಬಿಟ್ಟು, ಮತ್ತೆ ಕೇಳದೆ, ಉಳಿದವುಗಳನ್ನು ಗುನುಗಲು ಬರುತ್ತದೆಯೇ ಎಂದು ನೋಡಿ. ಗುನುಗಲು ಬಾರದಿದ್ದರೆ ಅದು ಕೆಟ್ಟದ್ದೆಂದು ಅರ್ಥವಲ್ಲ. ಅದು ನಿಮಗೆ ಹಿಡಿಸಿದ್ದು ಧಾಟಿಗಾಗಿ ಅಲ್ಲ, ನಾದಕ್ಕಾಗಿ ಇರಬಹುದು. ಅದನ್ನೂ ಬರೆದುಕೊಳ್ಳಿ.

4. ಬಲ್ಲ ಸಂಗೀತದ ಭಾಷೆಯಲ್ಲಿ ಗುರುತಿಸಿ

ಬೆಂಗಳೂರಿನಲ್ಲಿ ರಾಮನವಮಿಯ ಕಚೇರಿಗಳಲ್ಲಿ ಕುಳಿತೋ, ಮಕ್ಕಳ ಸಂಗೀತ ಪಾಠವನ್ನು ಪಕ್ಕದ ಕೋಣೆಯಿಂದ ಕೇಳಿಯೋ ಕರ್ನಾಟಕ ಸಂಗೀತದ ಒಂದಿಷ್ಟು ಪರಿಚಯ ಆದವರು ಬಹಳ ಮಂದಿ. ಆ ಪರಿಚಯವನ್ನು ಇಲ್ಲಿ ಬಳಸಿಕೊಳ್ಳಲು ಸಂಕೋಚ ಬೇಡ. ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಯಂತ್ರಕ್ಕೆ 1989ರಲ್ಲಿ ಬಂದ ಟೆಟ್ರಿಸ್‌ನ ಹೆಸರಾಂತ ಧಾಟಿಯು ‘ಕೊರೊಬೈನಿಕಿ’ ಎಂಬ ರಷ್ಯನ್ ಜನಪದ ಗೀತೆಯದು. ಅದರ ಆಧಾರಸ್ವರವನ್ನು ಷಡ್ಜವೆಂದು ಹಿಡಿದು ಕೇಳಿದರೆ, ಎಲ್ಲರಿಗೂ ಪರಿಚಿತವಾದ ವೇಗದ ಭಾಗ ನಟಭೈರವಿ ರಾಗದ ಸ್ವರಗಳಲ್ಲೇ ಸಾಗುತ್ತದೆ. ಅನಂತರ ಬರುವ ದೀರ್ಘ ಸ್ವರಗಳ ಭಾಗದಲ್ಲಿ ಕಾಕಲಿ ನಿಷಾದ (ಮೇಲಿನ ‘ನಿ’) ಇಣುಕಿ ಕೀರವಾಣಿ ರಾಗದ ಛಾಯೆ ಮೂಡುತ್ತದೆ. ಗಮಕವಿಲ್ಲದ್ದರಿಂದ ಅದನ್ನು ರಾಗವೆನ್ನಲಾಗದು, ಸ್ವರಗಳ ಹೋಲಿಕೆ ಮಾತ್ರ. ಆದರೆ ಆ ಒಂದು ನಿಷಾದ ಬದಲಾದ ಜಾಗದಲ್ಲೇ ನಿಮಗೆ ಮೈ ಜುಮ್ಮೆನ್ನುತ್ತದೆ ಎಂದು ಪತ್ತೆಯಾದರೆ, ನಿಮ್ಮ ಪಟ್ಟಿಯ ಉಳಿದ ಟ್ರ್ಯಾಕ್‌ಗಳಲ್ಲೂ ಅಂತಹ ತಿರುವು ಇದೆಯೇ ಎಂದು ಹುಡುಕಬಹುದು. ಬೆರಳೆಣಿಸಿ ತಾಳ ಹಾಕುವುದೂ ಹೀಗೆಯೇ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ಪರಿಚಿತ ವಾದ್ಯ ಕೇಳಿಸಿತೆಂಬ ಅಭಿಮಾನವೊಂದೇ ಆಯ್ಕೆಗೆ ಕಾರಣವಾಗಬಾರದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ರಾಜಿ ಎಂಬ ಆಟದ ಸಂಗೀತ ನಮ್ಮ ಕಿವಿಗೆ ಬೇಗ ಹತ್ತಿರವಾಗುತ್ತದೆ. ಅದನ್ನೂ ಮೂರನೆಯ ಹಂತದ ಅರ್ಧ ಗಂಟೆಯ ಪರೀಕ್ಷೆಗೆ ಒಡ್ಡಿ, ಗೆದ್ದರೆ ಸೇರಿಸಿ.

5. ಮತ್ತೆ ಆಟದೊಳಕ್ಕೆ ಹೋಗಿ ಕೇಳಿ

ಇಷ್ಟು ಹೊತ್ತು ಸಂಗೀತವನ್ನು ಆಟದಿಂದ ಹೊರಗೆಳೆದು ಕೇಳಿದ್ದಾಯಿತು. ಈಗ ಅದನ್ನು ಅದರ ಜಾಗದಲ್ಲಿಟ್ಟು ನೋಡಬೇಕು. ಬಹುತೇಕ ಗೇಮ್‌ಗಳ ಸೆಟ್ಟಿಂಗ್ಸ್‌ನಲ್ಲಿ ಸಂಗೀತ, ಸದ್ದು, ಮಾತು ಇವಕ್ಕೆ ಪ್ರತ್ಯೇಕ ವಾಲ್ಯೂಮ್ ಇರುತ್ತದೆ. ಮೊದಲು ಸಂಗೀತವನ್ನು ಸೊನ್ನೆಗಿಳಿಸಿ ಒಂದು ಹಂತ ಆಡಿ. ಬಳಿಕ ಅದೇ ಹಂತವನ್ನು ಸಂಗೀತ ಹಾಕಿಕೊಂಡು ಆಡಿ. ಕೈಯ ವೇಗ, ಎದೆಬಡಿತ, ಮುಂದೇನಾಗುತ್ತದೆ ಎಂಬ ನಿರೀಕ್ಷೆ ಇವುಗಳಲ್ಲಿ ಏನು ಬದಲಾಯಿತೆಂದು ಬರೆದಿಡಿ. ಏನೂ ಬದಲಾಗದಿದ್ದರೆ ಆ ಸಂಗೀತ ಕೇಳಲು ಎಷ್ಟೇ ಇಂಪಾಗಿದ್ದರೂ ಆಟಕ್ಕೆ ಹೊರಗಿನದು.

ಆಟಗಾರನ ನಡೆಗೆ ಸಂಗೀತ ಸ್ಪಂದಿಸುವುದು ಈ ಕಲೆಯ ಸ್ವಂತ ಸೊತ್ತು. ಕಚೇರಿಯಲ್ಲಾಗಲಿ ಸಿನಿಮಾದಲ್ಲಾಗಲಿ ಅದು ಈ ರೀತಿಯಲ್ಲಿ ಸಿಗುವುದಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿದ್ದದ್ದು ನಾಲ್ಕೇ ಮಂದ್ರ ಸ್ವರಗಳು; ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಅವು ವೇಗವಾಗುತ್ತವೆ, ಆಟಗಾರನಿಗೆ ಬೆವರು ಬಿಡಿಸಲು ಅಷ್ಟು ಸಾಕಾಗುತ್ತದೆ. 1990ರ ಸೂಪರ್ ಮಾರಿಯೊ ವರ್ಲ್ಡ್‌ನಲ್ಲಿ ಮಾರಿಯೊ ಯೋಶಿ ಎಂಬ ಡೈನೋಸಾರ್‌ನ ಬೆನ್ನೇರಿದ ಕೂಡಲೇ ಅದೇ ಧಾಟಿಗೆ ಬಾಂಗೊ ತಾಳ ಸೇರಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ಹತ್ತಿ ಇಳಿದು, ಇಳಿದು ಹತ್ತಿ ನೋಡಿ; ಮಕ್ಕಳಾಟದಂತೆ ಕಂಡರೂ ಅದೇ ಸರಿಯಾದ ವಿಧಾನ.

ಇದೇ ತಂತ್ರ ದೊಡ್ಡದಾಗಿ ಬೆಳೆದದ್ದನ್ನು 2010ರ ರೆಡ್ ಡೆಡ್ ರಿಡೆಂಪ್ಷನ್‌ನಲ್ಲಿ ಕೇಳಬಹುದು. ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಅದರ ಬಹುಪಾಲು ಸಂಗೀತವನ್ನು ಎ ಮೈನರ್‌ನಲ್ಲಿ, ನಿಮಿಷಕ್ಕೆ 130 ಬಡಿತದ ಒಂದೇ ಲಯದಲ್ಲಿ ಮುದ್ರಿಸಿದರು. ಶ್ರುತಿಯೂ ಲಯವೂ ಒಂದೇ ಆದ್ದರಿಂದ ಯಾವ ವಾದ್ಯದ ಎಳೆಯನ್ನು ಯಾವಾಗ ಬೇಕಾದರೂ ಸೇರಿಸಬಹುದು, ತೆಗೆಯಬಹುದು. ಸುಮ್ಮನೆ ನಡೆಯುವಾಗ ಒಂದೆರಡು ಎಳೆಗಳು, ಕುದುರೆ ಏರಿ ಓಡಿಸಿದಾಗ ಇನ್ನಷ್ಟು, ಗುಂಡಿನ ಚಕಮಕಿಯಾದರೆ ತಾಳವಾದ್ಯಗಳ ಭರಾಟೆ. ಕೇಳುವವನಿಗೆ ಎಲ್ಲಿಯೂ ಹಾಡು ಬದಲಾದಂತೆ ಅನಿಸುವುದಿಲ್ಲ. 2017ರ ನಿಯರ್: ಆಟೊಮೇಟಾದಲ್ಲಿ ಕೆಯಿಚಿ ಒಕಾಬೆ ಅವರ ತಂಡ ಒಂದೇ ರಚನೆಯನ್ನು ಶಾಂತ, ತೀವ್ರ, ಗಾಯನಸಹಿತ ಹೀಗೆ ಹಲವು ರೂಪಗಳಲ್ಲಿ ಸಿದ್ಧಪಡಿಸಿದೆ, ಹ್ಯಾಕಿಂಗ್ ಶುರುವಾದರೆ ಅದೇ ಸಂಗೀತ ತಟ್ಟನೆ ಹಳೆಯ ಟಿವಿ ಗೇಮಿನ ಸದ್ದಿಗೆ ತಿರುಗುತ್ತದೆ. ಇವುಗಳ ಆಲ್ಬಮ್ ಮಾತ್ರ ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ಯಂತ್ರ ನಿಮ್ಮ ಬಳಿ ಇಲ್ಲದಿದ್ದರೆ ಗೇಮಿಂಗ್ ಸೆಂಟರ್‌ಗೆ ಹೋಗಬಹುದು, ಆದರೆ ಅಲ್ಲಿನ ಗದ್ದಲಕ್ಕೆ ನಿಮ್ಮದೇ ಹೆಡ್‌ಫೋನ್ ಒಯ್ಯಿರಿ.

6. ಕೆಲಸದ ಹೊತ್ತಿನ ಸಂಗೀತಕ್ಕೆ ಬೇರೆ ಪುಟ

ಕೋಡ್ ಬರೆಯುವಾಗ ಗೇಮ್ ಸಂಗೀತ ಹಾಕಿಕೊಳ್ಳುವವರು ಇಲ್ಲಿನ ಐಟಿ ಕಚೇರಿಗಳಲ್ಲಿ ಸಾಕಷ್ಟಿದ್ದಾರೆ. ಸಾಹಿತ್ಯವಿಲ್ಲದೆ, ಗಮನ ಕದಿಯದೆ ಓಡುವ ಸಂಗೀತ ಅದಕ್ಕೆ ಒಗ್ಗುತ್ತದೆ. ಆದರೆ ಗಮನಿಸದೆಯೇ ಕೇಳಿದ್ದನ್ನು ‘ಮೆಚ್ಚಿನದು’ ಎನ್ನುವುದು ನನಗೆ ಸರಿತೋರದು. ಅವುಗಳಿಗೆ ಪ್ರತ್ಯೇಕ ಪುಟ ಮಾಡಿ, ಈ ಹತ್ತರೊಳಗೆ ತರಬೇಡಿ.

7. ಕಾರಣವನ್ನು ವಾಕ್ಯದಲ್ಲಿ ಬರೆಯಿರಿ

ಉಳಿದವುಗಳನ್ನು ಹತ್ತಕ್ಕೆ ಇಳಿಸಿ. ಒಂದು ಆಟದಿಂದ ಒಂದೇ ಟ್ರ್ಯಾಕ್ ಎಂಬ ನಿಯಮ ಹಾಕಿಕೊಂಡರೆ ಕೆಲಸ ಸುಲಭವಾಗುತ್ತದೆ. ಪ್ರತಿಯೊಂದಕ್ಕೂ ಆಟ, ವರ್ಷ, ಸಂಯೋಜಕರು, ಆಟದಲ್ಲಿ ಅದು ಬರುವ ಜಾಗ ಇಷ್ಟನ್ನು ಬರೆದು, ಕೊನೆಗೆ ಒಂದೆರಡು ವಾಕ್ಯದಲ್ಲಿ ಕಾರಣ ಕೊಡಿ. ‘ಅದ್ಭುತ’, ‘ಸೂಪರ್’, ‘ಮನಸ್ಸಿಗೆ ಹತ್ತಿರ’ ಎಂಬ ಪದಗಳಿಗೆ ನಿಷೇಧವಿರಲಿ. ಯಾವ ವಾದ್ಯ, ಯಾವ ಗಳಿಗೆ, ಯಾವ ತಿರುವು ಎಂಬುದು ಬರಬೇಕು.

ಮಾದರಿಗೆ ನನ್ನ ಪಟ್ಟಿಯಿಂದ ಎರಡನ್ನು ಕೊಡುತ್ತೇನೆ. ಡಾಂಕಿ ಕಾಂಗ್ ಕಂಟ್ರಿ, 1994, ಡೇವಿಡ್ ವೈಸ್, ನೀರಿನೊಳಗಿನ ಹಂತದ ‘ಅಕ್ವಾಟಿಕ್ ಆ್ಯಂಬಿಯೆನ್ಸ್’: ಧ್ವನಿಗೆಂದು ಬರೀ 64 ಕಿಲೋಬೈಟ್ ಸ್ಮೃತಿಯಿದ್ದ ಯಂತ್ರದಲ್ಲಿ, ಒಂದರ ಮೇಲೊಂದು ಕರಗುವ ಸ್ವರಗಳಿಂದ ನೀರಿನ ಭಾರವನ್ನು ಕಟ್ಟಿಕೊಡುತ್ತದೆ, ಧಾವಂತದ ಆಟದ ನಡುವೆ ಆಟಗಾರನನ್ನು ನಿಧಾನಿಸುತ್ತದೆ. ಹಾಲೋ ನೈಟ್, 2017, ಕ್ರಿಸ್ಟೋಫರ್ ಲಾರ್ಕಿನ್, ‘ಸಿಟಿ ಆಫ್ ಟಿಯರ್ಸ್’: ಸದಾ ಮಳೆ ಸುರಿಯುವ ಪಾಳು ನಗರದಲ್ಲಿ ಮಾತಿಲ್ಲದ ಹೆಣ್ಣುದನಿ ತೇಲಿಬರುತ್ತದೆ, ಮಳೆಯ ಸದ್ದು ಸಂಗೀತದ ಭಾಗವೋ ಊರಿನ ಭಾಗವೋ ಹೇಳಲಾಗದಂತೆ ಬೆರೆತಿದೆ.

ಪ್ರಶಸ್ತಿಯನ್ನು ಕಾರಣವಾಗಿ ಬರೆಯಬೇಡಿ. ಸಿವಿಲೈಜೇಷನ್ 4 (2005) ಆಟಕ್ಕೆ ಕ್ರಿಸ್ಟೋಫರ್ ಟಿನ್ ಸ್ವಾಹಿಲಿ ಭಾಷೆಯಲ್ಲಿ ರಚಿಸಿದ ‘ಬಾಬಾ ಯೇತು’ 2011ರಲ್ಲಿ ಗ್ರ್ಯಾಮಿ ಪಡೆದ ಮೊದಲ ಗೇಮ್ ಸಂಗೀತವಾಯಿತು. 2023ರಿಂದ ಗ್ರ್ಯಾಮಿಯಲ್ಲಿ ಗೇಮ್ ಸಂಗೀತಕ್ಕೆ ಪ್ರತ್ಯೇಕ ವಿಭಾಗವೇ ಇದೆ. ‘ಬಾಬಾ ಯೇತು’ ಕೇಳಲು ನನಗೆ ಬಹಳ ಇಷ್ಟ. ಆದರೂ ಅದು ಮೆನುವಿನ ಹಾಡು, ಆಟದ ನಡೆಗೆ ಬೆಸೆದದ್ದಲ್ಲ. ಹಾಗಾಗಿ ನನ್ನ ಹತ್ತರಲ್ಲಿಲ್ಲ. 2016ರ ಡೂಮ್‌ಗೆ ಮಿಕ್ ಗಾರ್ಡನ್ ಮಾಡಿದ ಸಂಗೀತದ ಕಥೆ ಇದಕ್ಕೆ ವಿರುದ್ಧ: ಆಟದೊಳಗೆ ಅದಕ್ಕೆ ಸಾಟಿಯಿಲ್ಲ, ಮನೆಯಲ್ಲಿ ಕುಳಿತು ಕೇಳಲು ನನ್ನಿಂದಾಗದು. ನಿಮ್ಮ ತೀರ್ಮಾನ ಬೇರೆಯಾದರೆ ಒಳ್ಳೆಯದೇ, ಕಾರಣ ಬರೆದಿದ್ದರೆ ಸಾಕು. ಇನ್ನು ದೊಡ್ಡ ವಾದ್ಯವೃಂದ, ಅದರ ಹಿಂದೆ ಗಂಭೀರ ಗಾಯನವೃಂದ ಇದ್ದ ಮಾತ್ರಕ್ಕೆ ಸಂಗೀತ ಘನವಾಗುತ್ತದೆ ಎಂಬ ನಂಬಿಕೆ ಈಚಿನ ದುಬಾರಿ ಗೇಮ್‌ಗಳಲ್ಲಿ ಬೇರೂರಿದೆ. ಗುನುಗಲು ಒಂದು ಸಾಲೂ, ನೆನಪಿನಲ್ಲಿ ಒಂದು ನಾದವೂ ಉಳಿಯದ ಅಂತಹ ಟ್ರ್ಯಾಕ್‌ಗಳನ್ನು ಕೈಬಿಡಲು ಹಿಂಜರಿಯಬೇಡಿ.

8. ಪಟ್ಟಿಯನ್ನು ಬೇರೆಯವರಿಗೆ ಕೊಡುವಾಗ

ಗೇಮ್ ಆಡುವ ಗೆಳೆಯರಿಗಾದರೆ ಇಡೀ ಹತ್ತನ್ನು ಕಾರಣಗಳೊಂದಿಗೆ ಕಳುಹಿಸಿ, ಅವರ ಪಟ್ಟಿಯನ್ನೂ ಕೇಳಿ ಪಡೆಯಿರಿ. ಇಬ್ಬರಲ್ಲೂ ಇರುವ ಟ್ರ್ಯಾಕ್‌ಗಳನ್ನು ಬಿಟ್ಟು, ಅವರು ಮೆಚ್ಚಿ ನೀವು ಕೈಬಿಟ್ಟದ್ದನ್ನು ಮೊದಲು ಕೇಳಿ. ಗೇಮ್ ಆಡದ ಅಪ್ಪ ಅಮ್ಮನಿಗೋ ಅಕ್ಕನಿಗೋ ಕೇಳಿಸುವುದಾದರೆ ಎರಡಕ್ಕಿಂತ ಹೆಚ್ಚು ಬೇಡ, ಯುದ್ಧದ ಟ್ರ್ಯಾಕ್ ಅಂತೂ ಬೇಡವೇ ಬೇಡ. ಸ್ಪಷ್ಟವಾದ ಧಾಟಿಯುಳ್ಳದ್ದನ್ನು ಆರಿಸಿ, ಹಾಕುವ ಮೊದಲು ಆಟದಲ್ಲಿ ಆಗ ಏನು ನಡೆಯುತ್ತಿರುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಪಟ್ಟಿಯಿಂದ ಬಿದ್ದುಹೋದ ಟ್ರ್ಯಾಕ್‌ಗಳನ್ನು ಅಳಿಸದೆ, ಕೈಬಿಟ್ಟ ಕಾರಣದೊಂದಿಗೆ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಇರಿಸಿಕೊಳ್ಳಿ. ವರ್ಷಕ್ಕೊಮ್ಮೆ ಪಟ್ಟಿ ತಿದ್ದುವಾಗ ಅಲ್ಲಿಂದ ಒಂದೆರಡು ಮರಳಿ ಬರುವುದುಂಟು.